ಜಾರದ ಕಾಲು

"ಅಲ್ಲೇ ನಿಂತ್ಕೊಂಡು ಮಾತಾಡಮ್ಮಾ. ಒಳಗೆ ಬಂದ್ರೆ ನಿನ್ನ ತೊಗಲಿನ ನಾತ ಸಂಜೆ ತನಕ ಹೋಗಲ್ಲ," ಎಂದ ಸಂಪಾದಕ, ಕರವಸ್ತ್ರವನ್ನು ಮೂಗಿಗೊತ್ತಿಕೊಂಡು.

ಅವಳು ಹೊಸ್ತಿಲಾಚೆಯೇ ನಿಂತಳು. ಚರ್ಮದ ಕಾರ್ಖಾನೆಯಲ್ಲಿ ಹಸಿ ತೊಗಲಿನ ಕೂದಲು ಹೆರೆಯುವುದು ಅವಳ ಕೆಲಸ. ವಾರಕ್ಕೊಮ್ಮೆ ಪತ್ರಿಕೆಗೆ ಬರೆಯುವುದು ಅವಳ ಹುಚ್ಚು ಎಂದು ಓಣಿಯವರು ಹೇಳುತ್ತಿದ್ದರು. 'ಪೇಪರಕ್ಕ' ಎಂದೇ ಕರೆಯುತ್ತಿದ್ದರು. ಕೂಲಿ, ಶಾಲೆ, ಕುಡಿಯುವ ನೀರು, ಯಾವುದರ ಬಗ್ಗೆ ಬರೆದರೂ ಸುತ್ತಲಿನ ಸಣ್ಣಪುಟ್ಟ ಪತ್ರಿಕೆಗಳೆಲ್ಲ ಅದನ್ನೇ ಹಾಕಿಕೊಳ್ಳುತ್ತಿದ್ದವು. ಎಲ್ಲಕ್ಕೂ ಅಚ್ಚು ಇಲ್ಲೇ, ಹಿಂದಿನ ಶೆಡ್ಡಿನಲ್ಲಿ. ಅಂಕಣಕ್ಕೆ 'ಕೆಳದನಿ' ಎಂದು ಹೆಸರಿಟ್ಟವನು ಸಂಪಾದಕ.

"ಚೆನ್ನಾಗಿ ಬರ್ದಿದ್ದೀ. ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಸಾಲು ತಿದ್ದಿದ್ದೀನಿ."

ಅವಳು ಕತ್ತು ಚಾಚಿ ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಕರಡನ್ನು ಓದಿದಳು. 'ನನ್ನ ಅಣ್ಣನನ್ನು ಕೊಳಚೆ ತೊಟ್ಟಿಗೆ ಇಳಿಸಿ ಕೊಂದರು' ಎಂದು ಬರೆದಿದ್ದಳು. 'ನನ್ನ ಅಣ್ಣ ಕಾಲು ಜಾರಿ ಕೊಳಚೆ ತೊಟ್ಟಿಗೆ ಬಿದ್ದು ಅಸುನೀಗಿದರು' ಎಂದಾಗಿತ್ತು. ಬದುಕಿದ್ದಾಗ ಅವನಿಗೆ 'ಬನ್ನಿ' ಎಂದವರಿಲ್ಲ. ಸತ್ತ ಮೇಲೆ ಬಹುವಚನ ಸಿಕ್ಕಿತ್ತು.

"ಕಾಲು ಜಾರಲಿಲ್ಲ ಸಾರ್."

"ನೀನ್ ನೋಡಿದ್ಯಾ?"

"ಅಲ್ಲೇ ತೊಗಲು ಹೆರೀತಿದ್ದೆ. ಹಗ್ಗ ಕೊಡಿ ಅಂದ ಅಣ್ಣ. ಹಗ್ಗ ಕಟ್ಟೋಕೆ ನೀನೇನ್ ಎಮ್ಮೇನಾ ಅಂದ ಮೇಸ್ತ್ರಿ. ಅರ್ಧ ಏಣಿ ಇಳಿಯೋದ್ರಲ್ಲೇ ಅಣ್ಣ ವಿಷಗಾಳಿ ಕುಡಿದು ಕೈಬಿಟ್ಟ."

"ನೋಡು, ನಂದು ಪ್ರಗತಿಪರ ಪತ್ರಿಕೆ. ಶೋಷಣೆ ಅಂತ ಬರಿ, ಬೇಡ ಅನ್ನಲ್ಲ. ಯಾರು ಅಂತ ಮಾತ್ರ ಬರೀಬೇಡ."

"ಹಾಗಾದ್ರೆ ಅಂಕಣಾನೇ ತೆಗೀರಿ."

"ಅದಾಗಲ್ಲ." ಅವನ ದನಿ ತಗ್ಗಿತು. "ಮೊದಲ ಪ್ರತಿ ಕಾರ್ಖಾನೆ ಧಣಿಗಳಿಗೆ ಹೋಗ್ಬೇಕು. ನಾಳೆ ನಿನ್ನಣ್ಣನ ಸಾವಿನ ವಿಚಾರಣೆ ಇದೆಯಲ್ಲ."

ಆಗ ಅವಳಿಗೆ ಹೊಳೆಯಿತು. ಒಡಹುಟ್ಟಿದವಳೇ ತನ್ನ ಹೆಸರು ಹಾಕಿ ಕಾಲು ಜಾರಿತೆಂದು ಬರೆದ ಮೇಲೆ ಅಧಿಕಾರಿ ಇನ್ನೇನು ಕೇಳಿಯಾನು?

ಅಣ್ಣ ಸತ್ತ ಮೇಲೂ ಮನೆ ಬಿಟ್ಟಿರಲಿಲ್ಲ. ಅವಳು ಬರೆಯಲು ಕೂತರೆ ಹಾಡಹಗಲೇ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಎದೆಯವರೆಗೆ ಕಪ್ಪು ಕೆಸರು; ನೆಲ ಮಾತ್ರ ಒದ್ದೆಯಾಗುತ್ತಿರಲಿಲ್ಲ. ಅಕ್ಷರ ಬಾರದವನು. "ಏನ್ ಬರ್ದೆ, ಓದೇ" ಅನ್ನುತ್ತಿದ್ದ. ಓದುತ್ತಿದ್ದಳು. ಹಕ್ಕು, ಘನತೆ, ಸಮಾನತೆ, ಎಲ್ಲವನ್ನೂ ಬಾಯಿ ತೆರೆದು ಕೇಳಿಸಿಕೊಂಡು, "ಅದ್ರಲ್ಲಿ ನಾನೆಲ್ಲಿದ್ದೀನೇ?" ಅನ್ನುತ್ತಿದ್ದ. ಅತ್ತಿಗೆ ಒಲೆಯ ಮುಂದಿನಿಂದ, "ಯಾರ ಹತ್ರ ಮಾತಾಡ್ತಿದ್ದೀ?" ಎಂದರೆ ಇವಳು ತಲೆ ತಗ್ಗಿಸಿ ಬರೆಯುತ್ತಲೇ ಇರುತ್ತಿದ್ದಳು. ಈ ವಾರ 'ಇಳಿಸಿ ಕೊಂದರು' ಎಂಬ ಸಾಲು ಕೇಳಿಸಿಕೊಂಡವನು ಏನೂ ಕೇಳದೆ ಎದ್ದುಹೋಗಿದ್ದ.

ಅವಳು ಹೊಸ್ತಿಲಿಂದ ತಿರುಗಿದಾಗ ಜಗುಲಿಯ ಬೆಂಚಿನ ಮೇಲೆ ಮೇಸ್ತ್ರಿ ಕಾಲಾಡಿಸುತ್ತಾ ಕೂತಿದ್ದ, ಮೊದಲ ಪ್ರತಿಗೆ ಕಾದು.

"ಯಾಕೆ ಪೇಪರಕ್ಕಾ, ಮುಖ ಹರಳೆಣ್ಣೆ ಕುಡಿದಂಗಿದೆ? ಹುಷಾರಾಗಿ ನಡಿ. ಗಂಡಸಿನ ಕಾಲು ಜಾರಿದ್ರೆ ತೊಟ್ಟಿ, ಹೆಂಗಸಿನ ಕಾಲು ಜಾರಿದ್ರೆ ತೊಟ್ಟಿಲು!" ತನ್ನ ಪ್ರಾಸಕ್ಕೆ ತಾನೇ ತೊಡೆ ತಟ್ಟಿಕೊಂಡು ನಕ್ಕ.

"ಥೂ, ನಿನ್ ನಾಲಿಗೆಗೆ ಹುಳ ಬೀಳ, ಬೋಳೀಮಗನೇ," ಎಂದು ಉಗುಳಿದಳು. ಗೇಟಿನತ್ತ ಹೋಗಲಿಲ್ಲ. ಗೋಡೆ ಬಳಸಿ ಹಿಂದಿನ ಶೆಡ್ಡಿಗೆ ಹೋದಳು.

ಅಲ್ಲಿ ಪತ್ರಿಕೆ ಮಡಚುವ ಹೆಂಗಸರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಏನಾಯಿತೆಂದು ಕೇಳಿದರು, ಹೇಳಿದಳು.

"ನನ್ನ ಗಂಡಂದೂ ಜಾರಿತ್ತು ಕಣವ್ವಾ," ಎಂದಳು ಎಲ್ಲರಿಗಿಂತ ಹಿರಿಯಳು. "ಇದೇ ಪೇಪರಲ್ಲಿ ಬಂದಿತ್ತಂತೆ. ಓದೋಕೆ ಬರಲ್ವಲ್ಲ, ನಾನೇ ಕೂತು ಮಡಚಿದ್ದೆ."

"ನಮ್ಮೋರ ಕಾಲೇ ಹಂಗೆ ಅಜ್ಜಿ, ಬರೀ ಜಾರ್ತವೆ," ಎಂದಳು ಇನ್ನೊಬ್ಬಳು. ಯಾರೂ ನಗಲಿಲ್ಲ.

ಮೆಷಿನ್ನಿನವನು ಪುಟದ ಪ್ಲೇಟನ್ನು ಉರುಳೆಗೆ ಬಿಗಿಯುತ್ತಿದ್ದ. ತೆಳು ತಗಡು, ಮೇಲೆ ಅವಳ ಹೆಸರು, ಅದರ ಕೆಳಗೆ ಆ ಸಾಲು. ಅವಳು ಬೆರಳು ಚಾಚಿದಳು.

"ಮುಟ್ಬೇಡ ತಾಯಿ. ಕೂದಲೆಳೆಯಷ್ಟು ಗೀರು ಬಿದ್ರೂ ಮಸಿ ಕಚ್ಕೊಳುತ್ತೆ. ಎಲ್ಲಾ ಪ್ರತೀಲೂ ಬರುತ್ತೆ." ಅಂದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ತಡೆದ. ಅವಳ ಮುಖ ನೋಡಿದ. "ಮಸಿ ಡಬ್ಬ ತರ್ತೀನಿ," ಎಂದು ಬೆನ್ನು ತಿರುಗಿಸಿ ಹೋದ.

ಅವಳು ತಲೆಯಿಂದ ಪಿನ್ನು ಕಿತ್ತಳು. ಬೆನ್ನ ಹಿಂದೆ ಕೊಳಚೆಯ ವಾಸನೆ ಬಂದು ನಿಂತಿತು. ಅವಳು ತಿರುಗಲಿಲ್ಲ. ಆ ಸಾಲನ್ನು ಕೊನೆಯವರೆಗೆ ಗೀಚಿದಳು. ಅಂಕಣದ ಅಡ್ಡಕ್ಕೆ, ದೊಡ್ಡದಾಗಿ, ಒತ್ತಿ ಬರೆದಳು: ಇಳಿಸಿ ಕೊಂದರು.

"ಪಕ್ಕದಲ್ಲಿ ಜಾಗ ಇದೆಯಾ?" ಹಿರಿಯಳು ಮೊಣಕಾಲು ಹಿಡಿದು ಎದ್ದು ಬಂದಿದ್ದಳು. "ನನ್ನ ಗಂಡಂದೂ ಬರಿ."

"ಏನಂತ ಬರೀಲಿ ಅಜ್ಜಿ?"

"ಅವನ್ನೂ ಇಳಿಸಿದ್ರು ಅಂತ."

"ನನ್ನ ತಮ್ಮಂದು," ಎಂದಳು ಮತ್ತೊಬ್ಬಳು. "ಅವನ ಹೆಣ ಇನ್ನೂ ಸಿಕ್ಕೇ ಇಲ್ಲ. ಅದನ್ನೂ ಬರಿ."

ಅಂಕಣ ತುಂಬಿತು. ಪಿನ್ನು ಪಕ್ಕದ ಸುದ್ದಿಗೆ ಹತ್ತಿತು, ಅಲ್ಲಿಂದ ಕೆಳಗಿನ ಕಾರ್ಖಾನೆಯ ಜಾಹೀರಾತಿಗೆ ಇಳಿಯಿತು.

ಮೆಷಿನ್ ಹೊರಟಿತು. ಹಾಳೆಗಳು ಒಂದರ ಮೇಲೊಂದು ಬಿದ್ದವು, ಉಗುರಿನಿಂದ ಪರಚಿದಂಥ ಕಪ್ಪು ಅಕ್ಷರ ಹೊತ್ತು. ಅಷ್ಟರಲ್ಲಿ ಒಳಬಂದ ಸಂಪಾದಕ ಒಂದನ್ನು ಎತ್ತಿಕೊಂಡ.

"ನಿಲ್ಸೋ! ನಿಲ್ಸೋ ಹಲ್ಕಾ!"

ಮೆಷಿನ್ನಿನವನು ಕಿವಿಗೆ ಕೈ ಅಡ್ಡ ಹಿಡಿದ. "ಏನ್ ಸಾರ್? ಸದ್ದಿಗೆ ಕೇಳಿಸ್ತಿಲ್ಲ!" ಇನ್ನೊಂದು ಕೈಯಲ್ಲಿ ವೇಗ ಏರಿಸಿದ.

ಪೇಪರಕ್ಕ ಹೆಂಗಸರ ಸಾಲಿನಲ್ಲಿ ಕೂತು ಹಾಳೆಯೊಂದನ್ನು ತೊಡೆಯ ಮೇಲೆಳೆದುಕೊಂಡಳು. ಮಸಿ ಒಣಗಿರಲಿಲ್ಲ. ಜಗುಲಿಯ ಕಡೆಯಿಂದ ಮೇಸ್ತ್ರಿಯ ಚಪ್ಪಲಿಯ ಸದ್ದು ಓಡೋಡಿ ಬರುತ್ತಿತ್ತು. ಯಾರೂ ತಲೆ ಎತ್ತಲಿಲ್ಲ. ಹಿರಿಯಳು ಎದ್ದು ಶೆಡ್ಡಿನ ಬಾಗಿಲಿನ ಅಗುಳಿ ಹಾಕಿ ಬಂದು, ಮತ್ತೆ ಮಡಚತೊಡಗಿದಳು.