ಇನ್ನೂ ಕತ್ತಲಿರುವ ಜಾಗ

ಈ ಟ್ಯೂಬ್‌ಲೈಟು ಮಿಟುಕುತ್ತಿದೆ, ಕಣ್ಣಾಸ್ಪತ್ರೆಯಲ್ಲೇ ಕಣ್ಣು ಹೊಡೆಯುವ ದೀಪ, ಹೇಳಿದರೆ ಅಕ್ಕ ನಗುತ್ತಾಳೆ, ಆದರೆ ಅಕ್ಕ ಒಳಗಿದ್ದಾಳೆ, ಡಾಕ್ಟರಮ್ಮ ಹೊರಗೆ ಬಂದು ನನ್ನೊಬ್ಬನಿಗೇ ಹೇಳಿ ಹೋದರು — ಕಣ್ಣಿನ ನರ ಒಣಗಿದೆಯಪ್ಪ, ಉಳಿದಷ್ಟನ್ನು ಕಾಪಾಡೋಣ, ಹೋದದ್ದು ಬರಲ್ಲ, ಒಂದು ವರ್ಷ ಮುಂಚೆ ಬಂದಿದ್ದರೆ, ಕತ್ತಲಲ್ಲಿ ತಡವರಿಸೋದನ್ನ ಮನೇಲಿ ಯಾರೂ ನೋಡಲಿಲ್ವಾ — ನೋಡಿದೆ ತಾಯಿ, ಕತ್ತಲನ್ನು ಹುಡುಕಿ ಹುಡುಕಿ ಅವಳನ್ನು ಕರೆದೊಯ್ದವನೇ ನಾನು, ಚಿಕ್ಕಂದಿನಲ್ಲಿ ತಾರಸಿಯ ಮೇಲೆ ಮಲಗಿಸಿಕೊಂಡು ಸಪ್ತರ್ಷಿಗಳನ್ನು ತೋರಿಸಿದವಳು ಅವಳು, ವಸಿಷ್ಠನ ಮಗ್ಗುಲಲ್ಲಿ ಸಣ್ಣಗೆ ಅರುಂಧತಿ, ಕಂಡಳೇನೋ, ಕಂಡಳಕ್ಕ, ಸುಳ್ಳುಬುರುಕ, ನೀನು ನೋಡ್ತಿರೋದು ನನ್ನ ಬೆರಳು — ಹೋದ ವರ್ಷ ಅವಳೇ, ಅರುಂಧತಿ ಈಗ ಕಾಣಿಸ್ತಾನೇ ಇಲ್ಲ ಕಣೋ ಎಂದಾಗ ಮನೆಮುಂದಿನ ಹೊಸ ಬೀದಿದೀಪವನ್ನು ಬೈದೆ, ಶಾಲೆಯ ಮಕ್ಕಳನ್ನೆಲ್ಲ ಮನೆ ಮುಟ್ಟಿಸಿ ಅದೇ ವ್ಯಾನಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟೆ, ಮೊದಲು ಕಲ್ಲುಕ್ವಾರಿಯ ದಿಬ್ಬ, ಒಂದೆರಡು ಕಾಣ್ತವೆ ಅಷ್ಟೇ, ಇಲ್ಲಿ ಇನ್ನೂ ಊರಿನ ಬೆಳಕು ಎಂದಳು, ಹೌದೆನಿಸಿತು, ಊರಿನ ಹಳದಿ ಮಬ್ಬು ಆಕಾಶದ ಅಂಚಿಗೆ ಹತ್ತಿಕೊಂಡೇ ಇತ್ತು, ಆಮೇಲೆ ಅಣೆಕಟ್ಟಿನ ಹಿಂಬದಿ, ಕಾವಲುಗಾರನನ್ನು ಕಾಡಿ ಬೇಡಿ ದೀಪ ಆರಿಸುವಂತೆ ಮಾಡಿದೆ, ತಾಳಕ್ಕ, ಕಣ್ಣು ಕತ್ತಲಿಗೆ ಪಳಗಬೇಕು, ಪಳಗಿತಾ, ಇಲ್ಲ ಕಣೋ, ಕೊನೆಗೆ ಬತ್ತಿದ ಕೆರೆಯಂಗಳ, ಅಮಾವಾಸ್ಯೆ, ಭಗವಂತಾ ಮೋಡ ಸರಿಸಪ್ಪ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ, ಸರಿಸಿದ, ಬೇಡಿದ್ದನ್ನೇ ಕೊಟ್ಟ, ಬೇಡಲು ಬರದವನು ನಾನು, ಆಕಾಶಗಂಗೆ ತಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ, ನನ್ನ ಅಂಗೈ ನನಗೇ ಕಾಣದಷ್ಟು ಕತ್ತಲು, ಅಲ್ಲೂ ಅವಳು ಮೆಲ್ಲಗೆ, ಇಲ್ಲೂ ಬೆಳಕು ಜಾಸ್ತಿ ಕಣೋ — ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ, ಹಾಗಾದ್ರೆ ಮುಂದಿನ ಸಲ ಗುಡ್ಡದಾಚೆ ಹೋಗೋಣ ಬಿಡು ಎಂದೆ, ವ್ಯಾನ್ ಹತ್ತುವಾಗ ಅವಳ ಕೈ ತಗಡಿನ ಮೇಲೆ ಸರಬರ ಸದ್ದು ಮಾಡುತ್ತ ಬಾಗಿಲಿನ ಹಿಡಿಯನ್ನು ಹುಡುಕುತ್ತಿತ್ತು, ಕ್ವಾರಿಯಲ್ಲೂ ಹುಡುಕಿತ್ತು, ಅಣೆಕಟ್ಟಿನಲ್ಲೂ, ಹಸುವಿನ ಮೈ ಸವರಿದ ಹಾಗೆ ಸವರ್ತೀಯಲ್ಲಕ್ಕ, ಅದು ಹಾಲು ಕೊಡಲ್ಲ, ಅಂದೆ, ನಕ್ಕೆ, ಅವಳೂ ನಕ್ಕಳು, ಇರೋ, ಪಳಗಿಸ್ತಿದ್ದೀನಿ, ಕೊಟ್ಟರೂ ಕೊಟ್ಟೀತು, ಎಷ್ಟು ಚೆನ್ನಾಗಿ ನಕ್ಕಳು, ಆ ನಗುವಿನ ಕೆಳಗೆ ಕೈ ಇನ್ನೂ ಹುಡುಕುತ್ತಲೇ ಇತ್ತು, ನಾನು ತಲೆಯೆತ್ತಿ ಅರುಂಧತಿಯನ್ನು ನೋಡುತ್ತಿದ್ದೆ, ಸ್ಪಷ್ಟವಾಗಿ ಕಂಡಿದ್ದಳು ಅವಳು, ನನಗೆ — ಡಾಕ್ಟರಮ್ಮನ ಕೋಣೆಯ ಬಾಗಿಲು ತೆರೆಯಿತು, ಅಕ್ಕ ಬಂದಳು, ಎಲ್ಲಿದ್ದೀಯೋ, ಮುಂದಿನ ಅಮಾವಾಸ್ಯೆಗೆ ಎಲ್ಲಿಗೆ ಕರ್ಕೊಂಡು ಹೋಗ್ತೀಯಾ ಎನ್ನುತ್ತಿದ್ದಾಳೆ, ಹೊರಗೆ ನಡುಹಗಲು, ಮೇಲೆ ಈ ಬಿಳಿ ಬೆಳಕು, ಬೈಯಲು ಒಂದು ಬೀದಿದೀಪವೂ ಇಲ್ಲ, ಬೆಂಚಿನ ಅಂಚಿಗಾಗಿ ಗೋಡೆಯನ್ನು ಸವರುತ್ತ ಸವರುತ್ತ ಬರುತ್ತಿದೆ, ಆ ಕೈ