ಉಸಿರುಗಂಡಿಯ ಬಳಿ

ಗರಿ ಅಲುಗಿತೆ, ಇಲ್ಲ, ಗಾಳಿ, ಮಂಜುಗಡ್ಡೆಯ ಗಂಡಿಗೆ ಸಿಕ್ಕಿಸಿದ ಪುಟ್ಟ ಗರಿ, ಕೆಳಗಿನ ಕಡಲಿನಿಂದ ಸೀಲ್ ಉಸಿರಾಡಲು ಬಂದರೆ ಅದು ನಡುಗಬೇಕು, ಅಷ್ಟೇ ನೋಡಬೇಕಾದ್ದು, ಬೆನ್ನು ಬಾಗಿದೆ, ಹಿಮ ಕಿರುಗುಟ್ಟದಂತೆ ಕಾಲಡಿ ಕರಡಿಯ ಚರ್ಮ, ಬೆರಳುಗಳು ಯಾವಾಗಲೋ ನನ್ನವಲ್ಲವಾದವು — ಅಮ್ಮ ಆಸ್ಪತ್ರೆಯ ಮಂಚದ ಮೇಲೆ, ಪೊಟ್ಟಣದ ಸೂಪನ್ನು ಮೂಸಿ, ಇದು ಕೋಳಿ ಸ್ನಾನ ಮಾಡಿದ ನೀರು ಕಣಮ್ಮಾ ನರ್ಸಮ್ಮಾ, ನೀನೇ ಕುಡಿ, ಆಮೇಲೆ ನನ್ನತ್ತ ತಿರುಗಿ, ಅಪ್ಪಾ, ಸೀಲಿನ ಈಲಿ ಬಿಸಿಬಿಸಿ ತಂದ್ಕೊಡಪ್ಪಾ, ಅದೊಂದು ತಿಂತೀನಿ — ಅವಳ ಅಪ್ಪ ಸತ್ತ ವರ್ಷ ಹುಟ್ಟಿದವಳು ನಾನು, ಅಕಿಯಾರುಕ್ ಎಂಬ ಅವನ ಹೆಸರೇ ನನಗೆ, ಹೆಣ್ಣಾದರೂ ಅವಳಿಗೆ ನಾನು ಅಪ್ಪ, ಹಾಲುಹಲ್ಲು ಬೀಳುವ ವಯಸ್ಸಿನ ನನ್ನ ಮುಂದೆ ಗಂಡನ ಮೇಲೆ ದೂರು ಹೇಳುತ್ತಿದ್ದಳು, ಅಪ್ಪಾ, ನಿನ್ನ ಅಳಿಯ ನನ್ನ ಮಾತೇ ಕೇಳಲ್ಲ, ನಾನು ನನ್ನ ತಂದೆಯನ್ನೇ ಗದರಬೇಕಿತ್ತು, ಗದರುತ್ತಿದ್ದೆ — ತಮ್ಮ ಇನೂಸಿಕ್ ಬೆಳಗ್ಗೆ ನಕ್ಕ, ಬಂದೂಕಿದೆ, ಹಿಮಬಂಡೀಲಿ ಮಂಜುಗಡ್ಡೆ ಅಂಚಿಗೆ ಹೋಗಿ ಹೊಡ್ಕೊಂಡ್ ಬರೋಣ, ಗಂಡಿ ಕಾಯೋದೆಲ್ಲ ಮ್ಯೂಸಿಯಂ ಬೊಂಬೆ ಕೆಲಸ ಅಕ್ಕಾ, ಈ ವರ್ಷ ಅಂಚು ತೆಳ್ಳಗಿದೆ ಕಣೋ, ಬಂಡಿ ಸಮೇತ ಮುಳುಗ್ತೀಯ, ಸುಮ್ನೆ ದೂರ ನಿಲ್ಲು, ಸದ್ದು ಮಾಡ್ಬೇಡ ಅಂದೆ.

ಹೆಜ್ಜೆ ಸದ್ದು, ಅವನೇ, ಬರಬಾರದು, ಗೊತ್ತಿದ್ದೂ ಬರುತ್ತಿದ್ದಾನೆ ಎಂದರೆ — ಅಮ್ಮ ಹೋಗ್ಬಿಟ್ಲಕ್ಕಾ, ವಾಕಿಟಾಕೀಲಿ ಹೇಳಿದ್ರು, ನೀರು ಕೇಳಿದ್ಲಂತೆ, ಚಮಚದಲ್ಲಿ ಬಿಟ್ರಂತೆ, ಒಳಗೆ ಹೋಗ್ಲಿಲ್ಲಂತೆ, ಕಟವಾಯಿಂದ ಇಳಿದುಹೋಯ್ತಂತೆ — ನಾನು ಬೆನ್ನು ಎತ್ತಲಿಲ್ಲ, ಕಟವಾಯಿಂದ ಇಳಿದುಹೋಯಿತು, ಸರಿ, ಏಳಕ್ಕಾ, ಇನ್ಯಾರಿಗೆ ಇದು, ಇನ್ಯಾರಿಗೆ, ಇನ್ನು ಮೇಲೆ ನನ್ನನ್ನು ಅಪ್ಪಾ ಎನ್ನುವವರಿಲ್ಲ, ಇದು ಬೇರೆ ಯಾರ ಮನೆಯದೋ ಸುದ್ದಿಯಂತಿದೆ, ಗರಿ ನಡುಗಿತು, ಕೈ ತಾನಾಗಿ ಇಳಿಯಿತು, ಈಟಿ ಹೊಕ್ಕಿತು, ಅದಕ್ಕೆ ಕಟ್ಟಿದ ಹಗ್ಗ ಎಳೆದೆವು, ಸೀಲ್ ಹಿಮದ ಮೇಲೆ ಬಿದ್ದಿದೆ, ಮೈಯಿಂದ ಹಬೆ, ಈಲಿ ಒಳಗೆ ಬಿಸಿಯಾಗಿಯೇ ಇದೆ — ಕುಯ್ಯೋಕೆ ಮುಂಚೆ ನೀರು ಕುಡಿಸಪ್ಪಾ, ಉಪ್ಪುನೀರಲ್ಲೇ ಬದುಕಿದ ಜೀವ, ಬಾಯಾರಿರತ್ತೆ, ಕುಡಿಸಿದ್ರೆ ಮತ್ತೆ ಹುಟ್ಟಿ ನಮ್ಮ ಹತ್ರಾನೇ ಬರತ್ತೆ, ಅಮ್ಮ ಕಲಿಸಿದ್ದು — ಬಾಯಿತುಂಬ ಹಿಮ ತುಂಬಿಕೊಂಡೆ, ಕರಗಲಿ, ಹಲ್ಲು ಜುಮ್ಮೆನ್ನುವುದೂ ತಿಳಿಯುತ್ತಿಲ್ಲ, ಬಾಗಿ ಅದರ ಬಾಯಿಗೆ ಬಿಡುತ್ತೇನೆ, ನಿಲ್ಲುತ್ತಿಲ್ಲ, ಇಳಿದುಹೋಗುತ್ತದೆ, ಮತ್ತೆ ಹಿಮ, ಮತ್ತೆ ಬಿಡುತ್ತೇನೆ, ಸಾಕು ಬಿಡಕ್ಕಾ, ಕುಡೀತು ಬಿಡು, ಎಲ್ಲಿ ಕುಡಿಯಿತು, ಇಳಿಯುತ್ತಿದೆ, ಮತ್ತೆ ಹಿಮ, ಕಟವಾಯಿ, ನೀರು, ಕಟವಾಯಿಂದ ನೀರು