ಹಲ್ಲುನೋವಿನ ಬೇರಿನ ಗುಡ್ಡ

ಅಮೆರಿಕದ ಮೂಲನಿವಾಸಿಗಳಾದ ನಮ್ಮ ಲಕೋಟಾ ಜನರ ಕಾಲೇಜಿನಲ್ಲಿ ಮಾರ್ವಾ ಗ್ರೇಬುಲ್ ಪಾಠ ಮಾಡದ ತರಗತಿಯೇ ಇರಲಿಲ್ಲ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಮೇಷ್ಟ್ರು ಸಿಗದ ವರ್ಷ ಗಣಿತವೂ ಅವಳ ತಲೆಗೇ. ಸಂಶೋಧನೆಗೆ ಪುರುಸೊತ್ತೆಲ್ಲಿ? ಹೊರಗಿನವರು ಬಂದು ನಮ್ಮ ಗಿಡ, ನಮ್ಮ ನೀರು, ಕಡೆಗೆ ನಮ್ಮ ರಕ್ತವನ್ನೂ ಅಳೆದುಕೊಂಡು ಹೋಗುತ್ತಿದ್ದರು. ಇನ್ನು ನಮ್ಮ ಅಧ್ಯಾಪಕರೇ ಈ ಕೆಲಸ ಮಾಡಲಿ ಎಂದು ಕಾಲೇಜಿನವರು ಅವಳ ಪಾಠದ ಹೊರೆ ಇಳಿಸಿ, ತರಬೇತಿಗೆ ಕಳಿಸಿ, ಪುಟ್ಟದೊಂದು ಪ್ರಯೋಗಾಲಯವನ್ನೂ ಮಾಡಿಕೊಟ್ಟರು.

ಮಾರ್ವಾ ಆರಿಸಿಕೊಂಡದ್ದು ಹಲ್ಲುನೋವಿಗೆ ನಾವು ಅಗಿಯುವ ಬೇರನ್ನು. ಸೋದರತ್ತೆ ಡೆಲ್ಫಿನ್ ಅವಳನ್ನು ತನ್ನ ಮನೆಯ ಹಿಂದಿನ ಹಳ್ಳ ದಾಟಿಸಿ, ನೇರಳೆ ಹೂ ತುಂಬಿದ್ದ ಗುಡ್ಡಕ್ಕೆ ಕರೆದೊಯ್ದಳು. ಜಾಗ ಮಾತ್ರ ಯಾರಿಗೂ ಹೇಳಬೇಡ ಎಂದಳು. ಮಾರ್ವಾ ಆಗಲಿ ಎಂದಳು.

ನಗರದ ವಿದ್ವಾಂಸರ ಸಭೆಯಲ್ಲಿ ಅವಳು ಮೊದಲ ಸಲ ಮಾತಾಡಿದಾಗ, ಇಷ್ಟು ದಟ್ಟವಾಗಿ ಈ ಗಿಡ ಬೆಳೆಯುವುದುಂಟೇ ಎಂದು ಒಬ್ಬರು ಅನುಮಾನಪಟ್ಟರು. ಮಾರ್ವಾಳಿಗೆ ಕೆಣಕಿದಂತಾಯಿತು. ಹಳ್ಳದ ತಿರುವು ಕಾಣುವ ನಕ್ಷೆಯನ್ನೇ ಪರದೆಯ ಮೇಲೆ ತೋರಿಸಿದಳು. ಚಪ್ಪಾಳೆ ಬಿತ್ತು.

ಬೇಸಿಗೆಯಲ್ಲಿ ಯಾರೋ ಗುಡ್ಡವನ್ನೆಲ್ಲ ಅಗೆದು ಬೇರು ಹೊತ್ತೊಯ್ದರು. ಡೆಲ್ಫಿನ್‌ಗೆ ಅನುಮಾನ ಹುಟ್ಟಿದ್ದು ಸ್ವಂತ ಮಗ ವೆಂಡೆಲ್‌ನ ಮೇಲೆ. ಅವನು ಹಿಂದೊಮ್ಮೆ ಬೇರು ಕಿತ್ತು ವ್ಯಾಪಾರಿಗೆ ಮಾರಿದ್ದ. ಈ ಸಲ ನಾನಲ್ಲ ಎಂದು ಅವನು ಎಷ್ಟು ಹೇಳಿದರೂ ತಾಯಿ ನಂಬಲಿಲ್ಲ. ಮಾರ್ವಾಳ ಎದುರೇ ಅವನನ್ನು ಬೈದಳು. ಮಾರ್ವಾ ತಲೆ ತಗ್ಗಿಸಿ ಕೂತಿದ್ದಳು, ತುಟಿ ಬಿಚ್ಚಲಿಲ್ಲ.

ಒಂದು ಭಾನುವಾರ ಅವಳು ಅತ್ತೆಯ ಮನೆಯಲ್ಲಿದ್ದಾಗ ವೆಂಡೆಲ್ ಜಿಂಕೆಮಾಂಸ ತಂದಿಟ್ಟ. ಡೆಲ್ಫಿನ್ ಎಲ್ಲರಿಗೂ ಕಾಫಿ ಬಗ್ಗಿಸಿದಳು, ಅವನಿಗೊಬ್ಬನಿಗೆ ಬಿಟ್ಟು. ನಮ್ಮಲ್ಲಿ ಹಗೆಯವನಿಗೂ ಹಾಗೆ ಮಾಡುವುದಿಲ್ಲ. ಅವನು ಟೋಪಿ ಎತ್ತಿಕೊಂಡು ಬಾಗಿಲ ಕಡೆ ನಡೆದ. ಮಾರ್ವಾ ತನ್ನ ಕಾಫಿಯನ್ನು ಕೆಳಗಿಟ್ಟಳು.

"ಅತ್ತೆ, ಅವನಲ್ಲ. ಆ ಜಾಗ ನಾನೇ ತೋರಿಸ್ದೆ, ಆ ಸಭೇಲಿ."

"ಯಾಕೇ?" ಎಂದಳು ಡೆಲ್ಫಿನ್.

"ನನ್ನ ಮಾತು ನಂಬಲಿ ಅಂತ."

"ನಾನು ನಂಬಿದ್ನಲ್ಲ, ಅದು ಸಾಲ್ಲಿಲ್ವಾ?"

ವೆಂಡೆಲ್ ಬಾಗಿಲಲ್ಲೇ ನಿಂತು ನಕ್ಕ. "ಡಾಕ್ಟರಕ್ಕ, ಕಳ್ಳನ ಹೆಸರು ಹೆಂಗೂ ನಂಗಿತ್ತು. ಇನ್ನೊಂದು ಕಳ್ಳತನಾನೂ ನನ್ನ ತಲೆ ಮೇಲೇ ಇರ್ಲಿ ಅಂತ ಸುಮ್ನಿದ್ಯಾ?"

ಡೆಲ್ಫಿನ್ ಮಗನನ್ನು ಕೂರಿಸಿ ಕಾಫಿ ಕೊಟ್ಟಳು. ಮಾರ್ವಾಳನ್ನು ಬೈಯಲೂ ಇಲ್ಲ. ಬೈದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ.

ಅದೇ ನಕ್ಷೆಯಿದ್ದ, ಅಚ್ಚಿಗೆ ಹೋಗಿದ್ದ ತನ್ನ ಪ್ರಬಂಧವನ್ನು ಮಾರ್ವಾ ವಾಪಸು ಪಡೆದಳು. ನಮ್ಮೆಲ್ಲರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಅವಳೇ ಪಟ್ಟು ಹಿಡಿದದ್ದರಿಂದ, ನಮ್ಮಲ್ಲಿ ಯಾರೇ ಸಂಶೋಧನೆಗೆ ಹೊರಟರೂ ಈಗ ಆಯಾ ಊರಿನ ಹಿರಿಯರನ್ನು ಕೇಳಿ, ಏನು ಹೇಳಬಹುದು, ಏನು ಹೇಳಬಾರದು ಎಂದು ತಿಳಿದುಕೊಂಡೇ ಹೊರಡಬೇಕು.

ಚಳಿ ಬೀಳುವ ಮುಂಚೆ ಡೆಲ್ಫಿನ್ ಅಳಿದುಳಿದ ಹೂಗಳ ಬೀಜ ಕೂಡಿಸಿ ಗುಡ್ಡಕ್ಕೆ ಬಿತ್ತಲು ಹೋದಳು. ಜೊತೆಗೆ ವೆಂಡೆಲ್ ಹೋದ. ಮಾರ್ವಾ ಅಂಗಳದವರೆಗೆ ಬಂದಳು. ಬಾ ಎಂದು ಯಾರೂ ಕರೆಯಲಿಲ್ಲ. ಬರಲೇ ಎಂದು ಅವಳೂ ಕೇಳಲಿಲ್ಲ.